ಜಡೆ ಬಿಗಿದರೆ ಬ್ರೆಡ್ಡು ಬಿರಿಯುತ್ತೆ

ಒಲೆ ಪಕ್ಕದ ಪ್ರಶ್ನೆಗಳು: ಓದುಗರಿಗೆ ಉತ್ತರ

ಹೋದ ತಿಂಗಳು ಒಬ್ಬರು ಕೇಳಿದ್ದರು: "ನ್ಯೂಜೆರ್ಸಿಯಲ್ಲಿ ಮಗನ ಪಕ್ಕದ ಮನೆಯವರು ಶುಕ್ರವಾರ ಒಂದು ಬ್ರೆಡ್ಡು ತಂದುಕೊಟ್ಟರು. ಜಡೆ ಹೆಣೆದ ಹಾಗಿತ್ತು, ಮೇಲೆ ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತಿತ್ತು. ಏನದು?" ಅದು ಯಹೂದಿಗಳ ಹಲ್ಲಾ, ಮೊಟ್ಟೆ ಹಾಕಿ ಮಾಡುವ ಬ್ರೆಡ್ಡು ಅಂತ ಉತ್ತರ ಬರೆದೆ. ಕೆಳಗೆ ಅಳತೆಯನ್ನೂ ಕೊಟ್ಟು ಕೈತೊಳೆದುಕೊಂಡೆ. ಕೈ ಒಣಗುವಷ್ಟರಲ್ಲಿ ಕಾಗದಗಳು ಶುರುವಾದವು. ಜೊತೆಗೆ ಫೋಟೊಗಳು ಬೇರೆ. ಅರ್ಧಕ್ಕರ್ಧ ಫೋಟೊಗಳಲ್ಲಿ ಜಡೆ ಬಿರಿದು ಬಾಯಿ ಬಿಟ್ಟಿದೆ. ಹಾಗಾಗಿ ಈ ಸಲ ಸಾರು, ಉಪ್ಪಿನಕಾಯಿಯ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದಿದ್ದೇನೆ. ಉಪ್ಪಿನಕಾಯಿಯವರು ಕ್ಷಮಿಸಬೇಕು.

ಇಂಗ್ಲಿಷ್ ಕಾಗುಣಿತ ನೋಡಿ ಕೆಲವರು "ಚಲ್ಲಾ" ಅಂತ ಬರೆದಿದ್ದೀರಿ. ಅದು ಚ ಅಲ್ಲ. ಗಂಟಲೊಳಗಿನಿಂದ ಬರುವ ಶಬ್ದ, ಖ ಮತ್ತು ಹ ಎರಡರ ನಡುವೆ ಎಲ್ಲೋ ಇದೆ. ಸುಮ್ನೆ ಹಲ್ಲಾ ಅನ್ನಿ, ಸಾಕು. ನಮ್ಮ ಯಜಮಾನರು ಶುಕ್ರವಾರ ಅಡುಗೆಮನೆಗೆ ಇಣುಕಿ "ಏನೇ ಇವತ್ತು ಹಲ್ಲಾಗುಲ್ಲಾ?" ಅನ್ನುತ್ತಾರೆ. ನಾನು ಅದಕ್ಕೂ ಒಗ್ಗಿಹೋಗಿದ್ದೇನೆ.

ಅಳತೆ ಇನ್ನೊಂದು ಸಲ ಕೊಡ್ತೀರಾ ಮೇಡಂ? ಆ ಸಂಚಿಕೆ ರದ್ದಿಗೆ ಹೋಯಿತು. ಲೋಟದ ಲೆಕ್ಕದಲ್ಲಿ ಕೊಟ್ಟರೆ ಉಪಕಾರ. (ಹನುಮಂತನಗರ)

ಅಳತೆ ಕೊಡುತ್ತೇನೆ, ಲೋಟದ ಲೆಕ್ಕ ಕೊಡುವುದಿಲ್ಲ. ನಿಮ್ಮ ಮನೆ ಲೋಟ ಬೇರೆ, ನನ್ನ ಮನೆ ಲೋಟ ಬೇರೆ. ಒಂದೇ ಲೋಟದಲ್ಲೂ ಮೈದಾ ಒತ್ತಿ ತುಂಬಿದರೆ ಒಂದು ತೂಕ, ಉದುರಿಸಿ ತುಂಬಿದರೆ ಇನ್ನೊಂದು ತೂಕ. ಅಡುಗೆಮನೆಗೆ ಒಂದು ಪುಟ್ಟ ಡಿಜಿಟಲ್ ತಕ್ಕಡಿ ತಂದುಕೊಳ್ಳಿ.

500 ಗ್ರಾಂ ಮೈದಾ, 7 ಗ್ರಾಂ ಇನ್‌ಸ್ಟಂಟ್ ಈಸ್ಟ್, 60 ಗ್ರಾಂ ಸಕ್ಕರೆ, 9 ಗ್ರಾಂ ಪುಡಿ ಉಪ್ಪು. ಎರಡು ಇಡೀ ಮೊಟ್ಟೆ, ಜೊತೆಗೆ ಇನ್ನೊಂದು ಮೊಟ್ಟೆಯ ಹಳದಿ. 75 ಎಂಎಲ್ ಸೂರ್ಯಕಾಂತಿ ಎಣ್ಣೆ. ಕಡಲೆಕಾಯಿ ಎಣ್ಣೆ ಬೇಡ, ವಾಸನೆ ಮುಂದೆ ಬರುತ್ತದೆ. 180 ಎಂಎಲ್ ಉಗುರುಬೆಚ್ಚಗಿನ ನೀರು. ಇದರಲ್ಲಿ ಎರಡು ಚಮಚ ನೀರನ್ನು ಪಕ್ಕಕ್ಕೆ ತೆಗೆದಿಡಿ. ಬೇಕೆನಿಸಿದರೆ ಮಾತ್ರ ಕೊನೆಯಲ್ಲಿ ಸೇರಿಸಿ. ಇಷ್ಟರಲ್ಲಿ ಎರಡು ಬ್ರೆಡ್ಡು ಆಗುತ್ತವೆ.

ಮೊಟ್ಟೆಯನ್ನು ಒಂದೊಂದಾಗಿ ಬೇರೆ ಬಟ್ಟಲಿಗೆ ಒಡೆದು ನೋಡಿ ಆಮೇಲೆ ಸುರಿಯಿರಿ. ಯಹೂದಿ ಮನೆಗಳಲ್ಲಿ ಇದು ಕಟ್ಟುನಿಟ್ಟು. ಹಳದಿಯಲ್ಲಿ ರಕ್ತದ ಚುಕ್ಕೆ ಕಂಡರೆ ಆ ಮೊಟ್ಟೆ ಬಳಸುವುದಿಲ್ಲ. ನಮಗೆ ಆ ನಿಯಮ ಇಲ್ಲದಿದ್ದರೂ, ಮೂರನೆಯ ಮೊಟ್ಟೆ ಕೊಳೆತದ್ದು ಅಂತ ಗೊತ್ತಾಗುವಾಗ ಮೊದಲ ಎರಡು ಮತ್ತು ಹಿಟ್ಟು ಹಾಳಾಗಿರಬಾರದು, ಅಲ್ವಾ?

ಎಲ್ಲ ಕಲಸಿ ಹತ್ತು-ಹನ್ನೆರಡು ನಿಮಿಷ ನಾದಬೇಕು. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಹೋಳಿಗೆ ಕಣಕಕ್ಕಿಂತ ಗಟ್ಟಿ. ಮೊದಲ ಐದು ನಿಮಿಷ ಕೈಗೆಲ್ಲ ಅಂಟುತ್ತದೆ. ಅಲ್ಲೇ ಎಲ್ಲರೂ ಸೋಲುವುದು. ಡಬ್ಬಿಗೆ ಕೈ ಹಾಕಿ ಇನ್ನೊಂದು ಹಿಡಿ ಮೈದಾ ಉದುರಿಸುತ್ತಾರೆ. ಹಾಕಬೇಡಿ. ನಾದುತ್ತಾ ಹೋದ ಹಾಗೆ ಅದೇ ತಾನಾಗಿ ಕೈ ಬಿಡುತ್ತದೆ. ನಿಂಬೆಗಾತ್ರ ಹಿಟ್ಟು ಕಿತ್ತು ಎರಡು ಕೈಯಲ್ಲಿ ಮೆಲ್ಲಗೆ ಹಿಗ್ಗಿಸಿ, ಕಿಟಕಿಗೆ ಹಿಡಿಯಿರಿ. ಹರಿಯದೆ, ಆಚೆ ಕಡೆಯ ಬೆರಳಿನ ನೆರಳು ಕಂಡರೆ ನಾದಿದ್ದು ಸಾಕು.

ಎಣ್ಣೆ ಸವರಿ ಮುಚ್ಚಿಡಿ. ಎರಡರಷ್ಟಾದ ಮೇಲೆ ಜಡೆ ಹೆಣೆದು, ಮತ್ತೆ ಉಬ್ಬಲು ಬಿಟ್ಟು, ಒಂದು ಹಳದಿಗೆ ಒಂದು ಚಮಚ ನೀರು ಕದಡಿ ಸವರಿ, 175 ಡಿಗ್ರಿಯಲ್ಲಿ ಸುಮಾರು 25ರಿಂದ 30 ನಿಮಿಷ ಬೇಯಿಸುವುದು. ಬೆಂದಿದೆಯೋ ಇಲ್ಲವೋ ನೋಡಲು ಬ್ರೆಡ್ಡನ್ನು ಮಗುಚಿ ತಳಕ್ಕೆ ಬೆರಳಿನಿಂದ ತಟ್ಟಿ. ಡೊಳ್ಳು ಶಬ್ದ ಬಂದರೆ ಆಯಿತು. ಹಸಿ ಗೋಡೆಗೆ ತಟ್ಟಿದ ಹಾಗೆ ಕೇಳಿದರೆ ಇನ್ನೈದು ನಿಮಿಷ.

ಮೇಡಂ, ಮೂರು ಸಲ ಮಾಡಿದೆ, ಮೂರು ಸಲವೂ ಓವನ್‌ನಲ್ಲಿ ಜಡೆ ಬಿರಿಯಿತು. ಎಳೆಗಳ ನಡುವೆ ಬೆಳ್ಳಗೆ ಸೀಳು. ಹೆಣೆದಾಗ ಎಷ್ಟು ಚೆಂದ ಇತ್ತು ಗೊತ್ತಾ? ಫೋಟೊ ಕಳಿಸಿದ್ದೇನೆ. (ವಿಜಯನಗರ)

ಫೋಟೊ ನೋಡಿದೆ. ಹೆಣೆದದ್ದು ನಿಜವಾಗಿಯೂ ಚೆಂದ ಇದೆ. ಅದೇ ತೊಂದರೆ. ಸ್ಕೂಲಿಗೆ ಹೊರಟ ಹುಡುಗಿಗೆ ಹಾಕಿದ ಹಾಗೆ ಎಣ್ಣೆ ಹಚ್ಚಿ ಬಿಗಿದು ಹಾಕಿದ್ದೀರಿ. ಇದು ಸಂಜೆಯವರೆಗೆ ಬಿಚ್ಚದ ಹಾಗಿರಬೇಕಾದ ಜಡೆ ಅಲ್ಲ. ಓವನ್ನಿಗೆ ಹೋದ ಮೇಲೂ ಇದು ಬೆಳೆಯುತ್ತದೆ. ಬೆಳೆಯಲು ಜಾಗ ಇಲ್ಲದಿದ್ದರೆ ಎಲ್ಲಿ ಸಡಿಲ ಸಿಗುತ್ತದೋ ಅಲ್ಲಿ ಸೀಳಿಕೊಂಡು ಬರುತ್ತದೆ.

ಜಡೆ ಬಗ್ಗೆ ನನಗೆ ಬಂದ ಕಾಗದಗಳಲ್ಲಿ ಎಲ್ಲರೂ ಹೆಣೆಯುವುದನ್ನೇ ಕೇಳಿದ್ದೀರಿ. ಹೆಣೆಯುವುದು ಎರಡು ನಿಮಿಷದ ಕೆಲಸ. ಬ್ರೆಡ್ಡು ಕೆಡುವುದು ಅದರ ಹಿಂದೆ ಅಥವಾ ಮುಂದೆ. ಇಲ್ಲಿ ಎರಡು ಕಡೆ ಕೆಟ್ಟಿದೆ ಅಂತ ನನ್ನ ಅಂದಾಜು.

ಒಂದು, ಉಂಡೆಗಳಿಗೆ ವಿಶ್ರಾಂತಿ ಕೊಟ್ಟಿಲ್ಲ. ಉಬ್ಬಿದ ಹಿಟ್ಟನ್ನು ಎರಡು ಭಾಗ ಮಾಡಿ, ಒಂದೊಂದನ್ನೂ ತೂಗಿ ಮೂರು ಉಂಡೆ ಮಾಡಿ. ಮಾಡಿದ ತಕ್ಷಣ ಹೊಸೆಯಲು ಹೋದರೆ ರಬ್ಬರ್ ಬ್ಯಾಂಡಿನ ಹಾಗೆ ಎಳೆದಷ್ಟೂ ಹಿಂದಕ್ಕೆ ಓಡುತ್ತದೆ. ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಕೋಡುಬಳೆಗೆ ಹೊಸೆಯುತ್ತೇವಲ್ಲ, ಅದೇ ಕೈ. ಅಂಗೈ ಚಪ್ಪಟೆ, ನಡುವಿನಿಂದ ತುದಿಗೆ. ಉದ್ದ ಒಂದೂವರೆ ಗೇಣು. ಹೊಟ್ಟೆ ದಪ್ಪ, ತುದಿ ಸಣ್ಣ. ಮತ್ತೆ ಹಿಂದಕ್ಕೆ ಓಡಿದರೆ ಜಗಳ ಆಡಬೇಡಿ, ಅದನ್ನು ಅಲ್ಲೇ ಬಿಟ್ಟು ಮುಂದಿನ ಉಂಡೆ ತೆಗೆದುಕೊಳ್ಳಿ. ಅಷ್ಟರಲ್ಲಿ ಇದು ಮೆತ್ತಗಾಗಿರುತ್ತದೆ. ಹೊಸೆಯುವಾಗ ಕಲ್ಲಿನ ಮೇಲೆ ಮೈದಾ ಬೇಡ. ಮೈದಾ ಇದ್ದರೆ ಎಳೆ ಜಾರುತ್ತದೆ, ಹೊಸೆಯಲು ಬರುವುದಿಲ್ಲ. ಮೂರೂ ಎಳೆ ಆದ ಮೇಲೆ, ಹೆಣೆಯುವ ಮುಂಚೆ, ಎಳೆಗಳ ಮೇಲೆ ಚಿಟಿಕೆ ಮೈದಾ ಉದುರಿಸಿ. ಹೀಗೆ ಮಾಡಿದರೆ ಬೆಂದ ಮೇಲೂ ಎಳೆ ಎಳೆಯಾಗಿ ಕಾಣುತ್ತದೆ, ಒಂದಕ್ಕೊಂದು ಕರಗಿಹೋಗುವುದಿಲ್ಲ.

ತುದಿಯಿಂದ ಶುರು ಮಾಡಬೇಡಿ. ಮಧ್ಯದಿಂದ ಒಂದು ಕಡೆಗೆ ಹೆಣೆದು, ತಟ್ಟೆ ತಿರುಗಿಸಿ ಇನ್ನೊಂದು ಕಡೆಗೆ ಹೆಣೆಯಿರಿ. ಎರಡೂ ತುದಿ ಒಂದೇ ಥರ ಬರುತ್ತದೆ. ಎಳೆಯನ್ನು ಎಳೆಯಬಾರದು, ಎತ್ತಿ ಎತ್ತಿ ಇಡಬೇಕು. ನಡುವೆ ಬೆಳಕು ಕಂಡರೆ ಕಾಣಲಿ.

ಎರಡು, ಎರಡನೆಯ ಸಲ ಪೂರ್ತಿ ಉಬ್ಬುವ ಮೊದಲೇ ಓವನ್ನಿಗೆ ಇಟ್ಟಿದ್ದೀರಿ. ಗಡಿಯಾರ ನೋಡಿ "45 ನಿಮಿಷ ಆಯಿತು" ಅಂತ ಬರೆದಿದ್ದೀರಿ. ಗಡಿಯಾರ ಬ್ರೆಡ್ಡು ತಿನ್ನುವುದಿಲ್ಲ. ತೋರುಬೆರಳಿಗೆ ಹಿಟ್ಟು ಸವರಿ ಜಡೆಯ ಪಕ್ಕೆಗೆ ಮೆಲ್ಲಗೆ ಒತ್ತಿ. ಗುಳಿ ಪಟ್ಟನೆ ಮುಚ್ಚಿಕೊಂಡರೆ ಇನ್ನೂ ಕಾಯಬೇಕು. ಸೋಮಾರಿಯ ಹಾಗೆ ನಿಧಾನವಾಗಿ, ಅರ್ಧ ಮಾತ್ರ ಮೇಲೆ ಬಂದರೆ ಓವನ್ನಿಗೆ. ಬರಲೇ ಇಲ್ಲವೆಂದರೆ ತಡವಾಗಿದೆ, ತಕ್ಷಣ ಇಡಿ. ಸ್ವಲ್ಪ ಚಪ್ಪಟೆ ಆಗುತ್ತದೆ, ರುಚಿ ಎಲ್ಲೂ ಹೋಗುವುದಿಲ್ಲ. ನಿಮ್ಮದು ಅರೆ ಉಬ್ಬಿದ್ದು. ಉಳಿದ ಶಕ್ತಿಯನ್ನೆಲ್ಲ ಓವನ್ನಿನ ಬಿಸಿಯಲ್ಲಿ ಒಂದೇ ಸಲ ತೋರಿಸಿದೆ.

ಬಿಳಿ ಸೀಳಿಗೆ ಇನ್ನೊಂದು ಮಾತು. ಹಳದಿಯನ್ನು ಒಂದೇ ಸಲ ಸವರಿದ್ದೀರಿ. ಹೆಣೆದ ಕೂಡಲೇ ಒಂದು ಸಲ, ಓವನ್ನಿಗೆ ಇಡುವ ಮೊದಲು ಇನ್ನೊಂದು ಸಲ ಸವರಿದರೆ ಬಣ್ಣ ಸಂದುಗೊಂದುಗಳಿಗೂ ಇಳಿಯುತ್ತದೆ.

ಬೆಣ್ಣೆ ಯಾಕೆ ಹಾಕಬಾರದು? ಎಣ್ಣೆ ಬದಲು ಬೆಣ್ಣೆ, ನೀರಿನ ಬದಲು ಹಾಲು ಹಾಕಿದರೆ ಇನ್ನೂ ರುಚಿ ಅಲ್ವಾ? (ಬೆಳ್ಳಂದೂರು)

ನಾನೂ ಹಾಗೇ ಅಂದುಕೊಂಡಿದ್ದೆ, ತಮ್ಮಾ.

ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿಗೆ ಸೇರಿದ್ದೆ. ಅಲ್ಲಿ ಬನ್ನು, ಬಿಸ್ಕತ್ತು, ಬ್ರೆಡ್ಡು ಎಲ್ಲ ಕಲಿತೆ. ಹಲ್ಲಾ ಕಲಿತದ್ದು ಮಾತ್ರ ಕಾಕ್ಸ್ ಟೌನಿನ ಒಂದು ಬಾಡಿಗೆ ಮನೆಯಲ್ಲಿ. ಇಸ್ರೇಲಿನಿಂದ ಗಂಡನ ಕೆಲಸದ ಮೇಲೆ ಬಂದಿದ್ದ ಒಬ್ಬ ಹೆಂಗಸು. ನನ್ನ ತಂಗಿಯ ಮನೆ ಮೇಲೆಯೇ ಇದ್ದರು. ಶುಕ್ರವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಬರುತ್ತಿದ್ದ ವಾಸನೆ ಹಿಡಿದುಕೊಂಡು ಮೇಲೆ ಹೋದವಳು ನಾನು. ಅವರಿಗೆ ಕನ್ನಡ ಬಾರದು, ನನಗೆ ಹೀಬ್ರೂ ಬಾರದು, ಇಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೆ. ಹಿಟ್ಟಿನ ಮುಂದೆ ಮಾತು ಬೇಕಾಗಲಿಲ್ಲ.

ಎರಡನೆಯ ವಾರ ನಾನು ಬರಿಗೈಯಲ್ಲಿ ಹೋಗಬಾರದು ಅಂತ ನಂದಿನಿ ಬೆಣ್ಣೆಯ ಪೊಟ್ಟಣ ತೆಗೆದುಕೊಂಡು ಹೋದೆ. ಹಿಟ್ಟಿಗೆ ಒಂದು ತುಂಡು ಹಾಕಲು ಪೊಟ್ಟಣ ಬಿಚ್ಚುತ್ತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದರು. ಬೈಯಲಿಲ್ಲ, ನಕ್ಕರು. ಪೊಟ್ಟಣವನ್ನು ನನ್ನ ಚೀಲಕ್ಕೇ ವಾಪಸ್ ಹಾಕಿ, ಒಲೆಯ ಮೇಲಿದ್ದ ಕೋಳಿ ಸಾರಿನ ಪಾತ್ರೆ ತೋರಿಸಿದರು. ಆಮೇಲೆ ತಲೆ ಆಡಿಸಿದರು.

ಅರ್ಥ ಇಷ್ಟು: ಅವರ ಆಹಾರ ನಿಯಮದಲ್ಲಿ ಹಾಲಿನ ಪದಾರ್ಥ ಮತ್ತು ಮಾಂಸ ಒಂದೇ ಊಟದಲ್ಲಿ ಸೇರುವ ಹಾಗಿಲ್ಲ. ಶುಕ್ರವಾರ ರಾತ್ರಿಯ ಊಟದಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಬ್ರೆಡ್ಡಿಗೆ ಬೆಣ್ಣೆ ಬಿದ್ದರೆ ಆ ಬ್ರೆಡ್ಡು ಆ ಊಟಕ್ಕೆ ಬರುವುದಿಲ್ಲ. ಹಾಗಾಗಿ ಎಣ್ಣೆ ಮತ್ತು ನೀರು. ಮೆತ್ತಗಾಗುವ ಕೆಲಸವನ್ನೆಲ್ಲ ಮೊಟ್ಟೆ ಮಾಡುತ್ತದೆ.

ನಿಮ್ಮ ಮನೆಯಲ್ಲಿ ನೀವು ಬೆಣ್ಣೆ, ಹಾಲು ಹಾಕಿ ತಿಂದರೆ ಯಾರೂ ಬಂದು ಕೇಳುವುದಿಲ್ಲ. ರುಚಿಯೂ ಇರುತ್ತದೆ. ಆದರೆ ಅದು ಫ್ರೆಂಚರ ಬ್ರಿಯೋಶ್ ಕಡೆಗೆ ಹೊರಳಿದ ಬ್ರೆಡ್ಡು. ಎಣ್ಣೆಯ ಹಲ್ಲಾಗೆ ಇನ್ನೊಂದು ಲಾಭ ಇದೆ. ಬೆಣ್ಣೆ ತಣ್ಣಗಾದರೆ ಗಟ್ಟಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಮರುದಿನವೂ ಮುರಿದರೆ ನೂಲಿನ ಹಾಗೆ ಎಳೆ ಎಳೆಯಾಗಿ ಬಿಡುತ್ತದೆ.

ನೀವು ಪಿಜಿಯಲ್ಲಿದ್ದೀರಿ, ಓವನ್ ಇಲ್ಲ, ಕುಕ್ಕರಿನಲ್ಲಿ ಆಗುತ್ತಾ ಅಂತಲೂ ಕೇಳಿದ್ದೀರಿ. ಆಗುತ್ತದೆ, ಆದರೆ ಆಸೆ ಕಡಿಮೆ ಇಟ್ಟುಕೊಳ್ಳಿ. ಗ್ಯಾಸ್ಕೆಟ್ಟು, ವೆಯ್ಟು ಎರಡೂ ತೆಗೆದು, ತಳದಲ್ಲಿ ಉಪ್ಪು ಹಾಸಿ, ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿ. ತಳ ಚೆನ್ನಾಗಿ ಕೆಂಪಾಗುತ್ತದೆ, ಮೇಲ್ಭಾಗ ಕಾಯಿಲೆಯವರ ಮುಖದ ಹಾಗೆ ಬಿಳಿಚಿಕೊಂಡಿರುತ್ತದೆ. ಉದ್ದ ಜಡೆ ಹಿಡಿಸುವುದೂ ಇಲ್ಲ. ಒಂದು ಎಳೆ ತೆಗೆದು ಗಂಟು ಹಾಕಿ ಪುಟ್ಟ ಬನ್ನುಗಳನ್ನು ಮಾಡಿ.

ನಮ್ಮತ್ತೆ ಮೊಟ್ಟೆಯನ್ನು ಹೊಸ್ತಿಲ ಒಳಗೆ ತರಲು ಬಿಡುವುದಿಲ್ಲ. ಮೊಟ್ಟೆ ಇಲ್ಲದೆ ಮಾಡಬಹುದಾ? ಹಾಗೆ ಮಾಡಿದರೆ ಅದನ್ನು ಹಲ್ಲಾ ಅನ್ನಬಹುದಾ? (ಮಲ್ಲೇಶ್ವರ)

ಎರಡಕ್ಕೂ ಹೌದು. ಮೊಟ್ಟೆ ಇಲ್ಲದ ಹಲ್ಲಾ ನಾವು ಕಂಡುಹಿಡಿದದ್ದಲ್ಲ, ಅವರಲ್ಲೇ ಇದೆ. ನೀರಿನ ಹಲ್ಲಾ ಅಂತಲೇ ಹೆಸರು. ಇನ್ನು ಮೊಟ್ಟೆ ಇಲ್ಲದೆ ಬ್ರೆಡ್ಡು, ಕೇಕು ಮಾಡುವುದನ್ನು ಬೆಂಗಳೂರಿನವರಿಗೆ ಯಾರು ಕಲಿಸಬೇಕು? ಬೀದಿಗೊಂದು ಅಯ್ಯಂಗಾರ್ ಬೇಕರಿ ಇರುವ ಊರು ಇದು.

ಅದೇ 500 ಗ್ರಾಂ ಮೈದಾಗೆ ನೀರನ್ನು ಸುಮಾರು 260 ಎಂಎಲ್ ಮಾಡಿ. ಸಕ್ಕರೆ, ಎಣ್ಣೆ, ಉಪ್ಪು, ಈಸ್ಟು ಹಾಗೇ ಇರಲಿ. ಮೆತ್ತಗಿರಬೇಕೆಂದರೆ ಒಂದು ಸಣ್ಣ ಆಲೂಗೆಡ್ಡೆ ಬೇಯಿಸಿ, ಗಂಟಿಲ್ಲದ ಹಾಗೆ ಕಿವುಚಿ ಹಾಕಿ. ಆಗ ನೀರು ಎರಡು ಚಮಚ ಕಡಿಮೆ. ಆಲೂಗೆಡ್ಡೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಬ್ರೆಡ್ಡು ಎರಡನೆಯ ದಿನ ಕಟ್ಟಿಗೆಯಾಗುವುದಿಲ್ಲ. ಬಣ್ಣಕ್ಕೆ ಅರಿಸಿನ ಹಾಕಲಾ ಅಂತ ಕೇಳಿದ್ದೀರಿ. ಉಗುರಿನ ತುದಿಯಷ್ಟು ಹಾಕಿ. ಅದಕ್ಕಿಂತ ಜಾಸ್ತಿಯಾದರೆ ಚಿತ್ರಾನ್ನದ ನೆನಪು ಬರುತ್ತದೆ.

ಹೊಳಪಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಮೊಟ್ಟೆಯ ಹಳದಿ ಕೊಡುವ ಆ ಕಂದು ಹೊಳಪು ಬೇರೆ ಯಾವುದರಿಂದಲೂ ಬರುವುದಿಲ್ಲ. ಹಾಲು ಸವರಿದರೆ ತಕ್ಕಮಟ್ಟಿಗೆ ಬಣ್ಣ ಬರುತ್ತದೆ. ಓವನ್ನಿನಿಂದ ತೆಗೆದ ತಕ್ಷಣ, ಸುಡುತ್ತಿರುವಾಗಲೇ, ಸಕ್ಕರೆ ನೀರು ಸವರಿ. ನಾನು ಹಾಗೆ ಮಾಡಿ ಅತ್ತಿಗೆಯ ಮನೆಗೆ ಕೊಟ್ಟಿದ್ದೇನೆ. ಅವರು ಅದನ್ನು "ಜಡೆ ಬನ್ನು" ಅನ್ನುತ್ತಾರೆ, ಕಾಫಿಗೆ ಅದ್ದಿ ತಿನ್ನುತ್ತಾರೆ.

ಇದು ಅವರ ಪೂಜೆಗೆ ಸಂಬಂಧಿಸಿದ ಪದಾರ್ಥ ಅನ್ನುತ್ತಾರೆ. ನಾವು ಸುಮ್ಮನೆ ರುಚಿಗೆ ಮಾಡಿ ತಿಂದರೆ ತಪ್ಪಲ್ಲವೇ? ಅದರ ಹಿಂದಿನ ಅರ್ಥ ಏನು? (ಚಾಮರಾಜಪೇಟೆ, ನಿವೃತ್ತ ಮೇಷ್ಟರು)

ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ತಿನ್ನುವುದರಲ್ಲಿ ತಪ್ಪಿಲ್ಲ. ಎಷ್ಟೋ ದೇಶಗಳಲ್ಲಿ ಬೇಕರಿಗಳಲ್ಲೇ ಮಾರುತ್ತಾರೆ, ಯಾರು ಬೇಕಾದರೂ ಕೊಳ್ಳುತ್ತಾರೆ. ಅರ್ಥ ತಿಳಿದು ತಿಂದರೆ ಒಳ್ಳೆಯದು ಅಂತ ನನಗೂ ಅನ್ನಿಸುತ್ತದೆ.

ಮೊದಲಿಗೆ ಹಲ್ಲಾ ಅನ್ನುವುದು ಈ ಜಡೆ ಬ್ರೆಡ್ಡಿನ ಹೆಸರಾಗಿರಲಿಲ್ಲ. ಹಿಟ್ಟು ಕಲಸಿದಾಗ ಅದರಿಂದ ಒಂದು ತುಂಡು ತೆಗೆದು ಪುರೋಹಿತರಿಗೆ ಮೀಸಲಿಡಬೇಕು ಅಂತ ಅವರ ತೋರಾ ಗ್ರಂಥದ ಅರಣ್ಯಕಾಂಡದಲ್ಲಿ, 15ನೆಯ ಅಧ್ಯಾಯದಲ್ಲಿ ಇದೆ. ಆ ಮೀಸಲು ತುಂಡಿಗೆ ಹಲ್ಲಾ ಅಂತ ಹೆಸರು. ಆಮೇಲೆ ಬ್ರೆಡ್ಡಿಗೇ ಅಂಟಿಕೊಂಡಿತು. ಜೆರುಸಲೇಮಿನ ದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು. ಕೊಡಲು ದೇವಾಲಯವಿಲ್ಲ. ತುಂಡು ತೆಗೆಯುವುದು ಮಾತ್ರ ನಿಂತಿಲ್ಲ. ಅದನ್ನು ಈಗ ಸುಟ್ಟುಬಿಡುತ್ತಾರೆ. ನಮ್ಮ ಅರ್ಧ ಕಿಲೋ ಹಿಟ್ಟಿಗೆ ಈ ನಿಯಮ ಬೀಳುವುದಿಲ್ಲ, ಜಾಸ್ತಿ ಹಿಟ್ಟು ಕಲಸಿದಾಗ ಮಾತ್ರ. ಕಾಕ್ಸ್ ಟೌನಿನವರು ಹಬ್ಬ ಬಂತೆಂದರೆ ಎರಡು ಕಿಲೋ ಕಲಸುತ್ತಿದ್ದರು. ಗೋಲಿಯಷ್ಟು ಹಿಟ್ಟು ಕಿತ್ತು, ಕಣ್ಣುಮುಚ್ಚಿ ಏನೋ ಹೇಳಿಕೊಂಡು, ಫಾಯಿಲ್‌ನಲ್ಲಿ ಸುತ್ತಿ ಓವನ್ನಿನ ಮೂಲೆಗೆ ಹಾಕುತ್ತಿದ್ದರು. ಕರಕಲಾಗುವವರೆಗೆ ಅದು ಅಲ್ಲೇ ಇರುತ್ತಿತ್ತು. ಬಾಳೆಲೆ ಪಕ್ಕ ನಮ್ಮಪ್ಪ ಊಟಕ್ಕೆ ಮುಂಚೆ ಎತ್ತಿಡುತ್ತಿದ್ದ ಚಿತ್ರಾಹುತಿಯ ಅನ್ನದ ಅಗುಳು ನೆನಪಾಗುತ್ತಿತ್ತು ನನಗೆ.

ಶುಕ್ರವಾರ ಸೂರ್ಯ ಮುಳುಗುವ ಹೊತ್ತಿಗೆ ಅವರ ಸಬ್ಬತ್ತು, ಅಂದರೆ ವಾರದ ವಿಶ್ರಾಂತಿಯ ದಿನ, ಶುರು. ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಒಲೆ ಹಚ್ಚುವ ಹಾಗಿಲ್ಲ. ಅದಕ್ಕೇ ಬ್ರೆಡ್ಡು ಶುಕ್ರವಾರ ಮಧ್ಯಾಹ್ನವೇ ಆಗಬೇಕು. ಮೇಜಿನ ಮೇಲೆ ಎರಡು ಇಡುತ್ತಾರೆ, ಒಂದಲ್ಲ. ಅವರ ಪೂರ್ವಜರು ಮರುಭೂಮಿಯಲ್ಲಿ ಅಲೆಯುವಾಗ ಆಕಾಶದಿಂದ ದಿನಾ ಬೀಳುತ್ತಿದ್ದ ಮನ್ನಾ ಎಂಬ ಆಹಾರ ಶುಕ್ರವಾರ ಎರಡರಷ್ಟು ಸಿಗುತ್ತಿತ್ತಂತೆ, ಶನಿವಾರ ಹೆಕ್ಕಬಾರದು ಅಂತ. ಆ ಎರಡು ಪಾಲಿನ ನೆನಪು. ಮನ್ನಾ ನೋಡಲು ಬೆಳ್ಳಗೆ, ಕೊತ್ತಂಬರಿ ಬೀಜದ ಹಾಗಿತ್ತು ಅಂತ ಅವರ ಗ್ರಂಥದಲ್ಲಿದೆ. ಬ್ರೆಡ್ಡಿನ ಮೇಲೆ ಎಳ್ಳು, ಗಸಗಸೆ ಉದುರಿಸುವುದನ್ನೂ ಮನ್ನಾಗೆ ಹೋಲಿಸುತ್ತಾರೆ.

ನನಗೆ ತುಂಬ ಹಿಡಿಸಿದ್ದು ಮುಚ್ಚುವ ಬಟ್ಟೆ. ಬ್ರೆಡ್ಡಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿರುತ್ತಾರೆ. ಊಟಕ್ಕೆ ಮುಂಚೆ ಮೊದಲು ದ್ರಾಕ್ಷಾರಸಕ್ಕೆ ಮಂತ್ರ, ಆಮೇಲೆ ಬ್ರೆಡ್ಡಿಗೆ. ತನ್ನನ್ನು ಬಿಟ್ಟು ಬೇರೆಯದಕ್ಕೆ ಮೊದಲ ಮರ್ಯಾದೆ ಸಿಕ್ಕಿತು ಅಂತ ಬ್ರೆಡ್ಡಿಗೆ ಅವಮಾನ ಆಗಬಾರದು, ಅದಕ್ಕೆ ಮುಖ ಮುಚ್ಚುವುದು! ಆಮೇಲೆ ಬಟ್ಟೆ ತೆಗೆದು, ಮಂತ್ರ ಹೇಳಿ, ಉಪ್ಪಿಗೆ ಅದ್ದಿ ಎಲ್ಲರಿಗೂ ಒಂದೊಂದು ತುಂಡು.

ಜಡೆ ಹೆಣೆಯುವುದು ಎಲ್ಲ ಯಹೂದಿಗಳ ರೂಢಿ ಅಲ್ಲ. ಮುಖ್ಯವಾಗಿ ಜರ್ಮನಿ, ಪೂರ್ವ ಯುರೋಪಿನ ಕಡೆಯವರದು. ನಮ್ಮ ಊರಿನ ಹಳೆಯ ಯಹೂದಿಗಳಲ್ಲಿ ಹೆಸರಾದ ಮೋಸೆಸ್ ಕುಟುಂಬ ಬಾಗ್ದಾದಿನ ಕಡೆಯಿಂದ ಬಂದದ್ದು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅವರ ದೊಡ್ಡ ಶೂ ಅಂಗಡಿ ಇತ್ತು. ಮಾಗಡಿ ರೋಡಿನಲ್ಲಿ 1904ರ ಕಾಲದ ಯಹೂದಿ ಸ್ಮಶಾನ ಇದೆ. ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಎಷ್ಟು ವರ್ಷ ಓಡಾಡಿದ್ದೇನೆ, ಗೋಡೆಯ ಆಚೆ ಯಾರಿದ್ದಾರೆ ಅಂತ ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

ಗೋಧಿ ಹಿಟ್ಟಿನಲ್ಲಿ ಮಾಡಬಹುದಾ? ರಾಗಿಯಲ್ಲಿ? ಯಜಮಾನರಿಗೆ ಶುಗರ್. (ಬನಶಂಕರಿ)

ಮೈದಾದ ಕಾಲು ಭಾಗ ಗೋಧಿ ಹಿಟ್ಟು ಮಾಡಿ, ನೀರು ಸ್ವಲ್ಪ ಜಾಸ್ತಿ ಹಾಕಿ. ಅದಕ್ಕಿಂತ ಮೇಲೆ ಹೋದರೆ ಜಡೆ ಹೋಗಿ ಕಟ್ಟಿಗೆ ಹೊರೆ ಆಗುತ್ತದೆ. ರಾಗಿಗೆ ಹಿಗ್ಗುವ ಗುಣ ಇಲ್ಲ, ಎಳೆ ಹೊಸೆದರೆ ತುಂಡಾಗುತ್ತದೆ. ಅಂದಹಾಗೆ ಅವರ ಬ್ರೆಡ್ಡಿನ ಮಂತ್ರವೂ ಗೋಧಿ, ಜವೆ ಗೋಧಿಯಂಥ ಐದು ಧಾನ್ಯಗಳಿಗೆ ಮಾತ್ರ, ರಾಗಿ ಆ ಪಟ್ಟಿಯಲ್ಲಿಲ್ಲ. ಯಜಮಾನರಿಗೆ ಮುದ್ದೆ ಮಾಡಿಕೊಡಿ. ಕಾಲು ಭಾಗ ಗೋಧಿ ಹಾಕಿದ ಮಾತ್ರಕ್ಕೆ ಇದು ಶುಗರಿನವರ ಬ್ರೆಡ್ಡು ಆಗುವುದಿಲ್ಲ.

ಆರೂವರೆಗೆ ಆಫೀಸಿನಿಂದ ಬರುತ್ತೇನೆ. ಎರಡೆರಡು ಸಲ ಉಬ್ಬಿಸುತ್ತಾ ಕೂತರೆ ರಾತ್ರಿ ಹನ್ನೆರಡು. ಬೇರೆ ದಾರಿ ಇದೆಯಾ? (ರಾಜಾಜಿನಗರ)

ಇದೆ, ಫ್ರಿಜ್. ರಾತ್ರಿ ಊಟ ಆದ ಮೇಲೆ ತಣ್ಣೀರಿನಲ್ಲಿ ಕಲಸಿ, ನಾದಿ, ದೊಡ್ಡ ಡಬ್ಬಿಯಲ್ಲಿ ಎಣ್ಣೆ ಸವರಿ ಮುಚ್ಚಿ ಫ್ರಿಜ್ಜಿಗೆ ಇಡಿ. ಈಸ್ಟು ಅರ್ಧಕ್ಕೆ ಇಳಿಸಿ. ಚಳಿಯಲ್ಲಿ ಅದು ನಿಧಾನವಾಗಿ ಕೆಲಸ ಮಾಡುತ್ತದೆ, ರುಚಿಯೂ ಹೆಚ್ಚುತ್ತದೆ. ಮರುದಿನ ಸಂಜೆ ಬಂದು ತೆಗೆದು ಹೆಣೆಯಿರಿ. ತಣ್ಣಗಿನ ಹಿಟ್ಟು ಹೊಸೆಯಲು ಇನ್ನೂ ಸುಲಭ, ಅಂಟುವುದಿಲ್ಲ. ಎರಡನೆಯ ಉಬ್ಬು ಮಾತ್ರ ಒಂದೂವರೆ ಗಂಟೆ ಕೇಳುತ್ತದೆ. ಅಷ್ಟರಲ್ಲಿ ಅಡುಗೆ ಮುಗಿಸಿ.

ಬೆಂಗಳೂರಿನಲ್ಲಿ ಪುಸ್ತಕದ ಗಂಟೆ ನಂಬಬೇಡಿ. ನಮ್ಮದು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದ ಊರು. ಏಪ್ರಿಲಿನಲ್ಲಿ ನನ್ನ ಅಡುಗೆಮನೆಯಲ್ಲಿ ಒಂದು ಗಂಟೆಯಲ್ಲೇ ಮೊದಲ ಉಬ್ಬು ಮುಗಿದಿದೆ. ಡಿಸೆಂಬರಿನಲ್ಲಿ ಅದೇ ಪಾತ್ರೆ, ಅದೇ ಈಸ್ಟು, ಎರಡೂವರೆ ಗಂಟೆ. ಚಳಿಗಾಲದಲ್ಲಿ ಓವನ್ ಹಚ್ಚದೆ, ಒಳಗೆ ಒಂದು ಪಾತ್ರೆ ಬಿಸಿನೀರು ಇಟ್ಟು ಪಕ್ಕದಲ್ಲಿ ಹಿಟ್ಟು ಇಡುತ್ತೇನೆ. ಇಡ್ಲಿ ಹಿಟ್ಟಿಗೂ ಅದೇ ಉಪಾಯ.

ಬೇಯುವಾಗ ಕರೆಂಟು ಹೋದರೆ ಏನು ಗತಿ ಅಂತಲೂ ಕೇಳಿದ್ದೀರಿ. ಹೋದ ಯುಗಾದಿಯ ಹಿಂದಿನ ದಿನ ಹನ್ನೆರಡನೆಯ ನಿಮಿಷಕ್ಕೆ ನನ್ನ ಓಟಿಜಿ (ಕರೆಂಟಿನ ಪುಟ್ಟ ಓವನ್) ಕತ್ತಲಾಯಿತು. ನಾನು ಗಾಬರಿಯಲ್ಲಿ ಬಾಗಿಲು ತೆಗೆದೆ. ಉಬ್ಬಿದ್ದದ್ದು ಕಣ್ಣೆದುರೇ ಕುಸಿಯಿತು. ಬಾಗಿಲು ತೆಗೆಯದೇ ಇದ್ದಿದ್ದರೆ ಒಳಗಿನ ಬಿಸಿಯಲ್ಲೇ ಇನ್ನಷ್ಟು ಬೇಯುತ್ತಿತ್ತು. ಕರೆಂಟು ಇಪ್ಪತ್ತು ನಿಮಿಷಕ್ಕೆ ಬಂತು. ಮತ್ತೆ ಬೇಯಿಸಿದೆ. ಮೇಲೆ ಚೆನ್ನಾಗಿತ್ತು, ನಡುವೆ ಹಲ್ವಾ. ಅಂಚು ಕತ್ತರಿಸಿ ತಿಂದು, ನಡುವಿನದನ್ನು ಹೋಳು ಮಾಡಿ ರಸ್ಕಿನ ಹಾಗೆ ಒಣಗಿಸಿದೆ.

ಓಟಿಜಿಯವರಿಗೆ ಇನ್ನೊಂದು ಮಾತು. ಮೇಲಿನ ರಾಡಿಗೆ ಜಡೆ ಹತ್ತಿರ ಇದ್ದರೆ ಹದಿನೈದು ನಿಮಿಷಕ್ಕೇ ಕಪ್ಪಾಗುತ್ತದೆ, ಒಳಗೆ ಹಸಿ. ತಟ್ಟೆಯನ್ನು ಕೆಳಗಿನ ಹಂತಕ್ಕೆ ಇಳಿಸಿ. ಬಣ್ಣ ಬಂದ ಕೂಡಲೇ ಮೇಲೆ ಫಾಯಿಲ್ ಮುಚ್ಚಿ.

ಆಂಟಿ, ನಾನು 7ನೇ ಕ್ಲಾಸು. ಅಮ್ಮ ಮೂರೆಳೆ ಮಾಡಿದರು. ನಾನು ನಾಲ್ಕೆಳೆ ಮಾಡಿ ಅಮ್ಮನನ್ನು ಸೋಲಿಸಬೇಕು. ಹೇಗೆ? (ಜೆ.ಪಿ. ನಗರ)

ಬಾ ಪುಟ್ಟಿ. ಮೊದಲು ಹಿಟ್ಟು ಬೇಡ. ನಾಲ್ಕು ಬಣ್ಣದ ಉಲ್ಲನ್ ದಾರ ತಗೋ. ಮೇಲಿನ ತುದಿ ಗಂಟು ಹಾಕಿ ಮೇಜಿಗೆ ಟೇಪ್ ಅಂಟಿಸು.

ಯಾವಾಗಲೂ ಬಲಗಡೆಯ ಕೊನೆಯ ಎಳೆಯನ್ನೇ ಎತ್ತು. ಅದನ್ನು ಎಡಕ್ಕೆ ಕರೆದುಕೊಂಡು ಹೋಗು. ಪಕ್ಕದ ಎಳೆಯ ಮೇಲೆ, ಅದರ ಪಕ್ಕದ್ದರ ಕೆಳಗೆ, ಕೊನೆಯದರ ಮೇಲೆ. ಮೇಲೆ, ಕೆಳಗೆ, ಮೇಲೆ. ಈಗ ಬಲಗಡೆ ಬೇರೆ ಬಣ್ಣ ಬಂತು. ಅದನ್ನೆತ್ತು. ಮೇಲೆ, ಕೆಳಗೆ, ಮೇಲೆ. ಎಡಗಡೆಯಿಂದ ಯಾವತ್ತೂ ಎತ್ತಬಾರದು, ಎತ್ತಿದರೆ ಕಥೆ ಮುಗಿಯಿತು. ದಾರದಲ್ಲಿ ಎರಡು ಸಲ ಸರಿ ಬಂದರೆ ಹಿಟ್ಟಿಗೆ ಕೈ ಹಾಕು. ನಾಲ್ಕೆಳೆಯನ್ನು ಮಧ್ಯದಿಂದ ಶುರು ಮಾಡಬೇಡ, ತಲೆ ಕೆಡುತ್ತದೆ, ಮೇಲಿನ ತುದಿ ಒತ್ತಿಕೊಂಡು ಅಲ್ಲಿಂದಲೇ ಬಾ. ಕೊನೆಗೆ ಎರಡೂ ತುದಿಯನ್ನು ಚಿವುಟಿ ಅಡಿಗೆ ಮಡಚು, ಓವನ್ನಿನಲ್ಲಿ ಬಿಚ್ಚಿಕೊಳ್ಳಬಾರದು.

ಯಹೂದಿಗಳ ಹೊಸ ವರ್ಷ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಬರುತ್ತದೆ. ಆಗ ಉದ್ದ ಜಡೆ ಬದಲು ದುಂಡಗೆ ಮಾಡಿ, ಒಣದ್ರಾಕ್ಷಿ ಹಾಕಿ, ಜೇನುತುಪ್ಪಕ್ಕೆ ಅದ್ದಿ ತಿನ್ನುತ್ತಾರೆ. ದಸರಾ ರಜೆಯಲ್ಲಿ ಅದನ್ನೂ ಮಾಡು. ಒಂದೇ ಉದ್ದ ಎಳೆ ಹೊಸೆದು ಚಕ್ಕುಲಿ ಸುತ್ತಿದ ಹಾಗೆ ಸುತ್ತಿದರೆ ಆಯಿತು, ಅದು ನಿಮ್ಮಮ್ಮನಿಗೂ ಬರುತ್ತದೆ.

ಹಾಗೇ ಅಮ್ಮನಿಗೆ ಹೇಳು, ಉಳಿದ ಬ್ರೆಡ್ಡಿನಲ್ಲಿ ಉಪ್ಪಿಟ್ಟು ಮಾಡುತ್ತೇನೆ ಅಂತ ಬರೆದಿದ್ದಾರಲ್ಲ, ಬೇಡ. ಸಿಹಿ ಬ್ರೆಡ್ಡಿಗೆ ಒಗ್ಗರಣೆ ಒಗ್ಗುವುದಿಲ್ಲ, ನಾನು ಮಾಡಿ ನೋಡಿದ್ದೇನೆ. ದಪ್ಪ ಹೋಳು ಕತ್ತರಿಸಿ, ಮೊಟ್ಟೆ-ಹಾಲಿನಲ್ಲಿ ಅದ್ದಿ, ಕಾವಲಿಯ ಮೇಲೆ ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಸುಡಲಿ. ಗೆದ್ದವರಿಗೆ ತುದಿಯ ತುಂಡು. ಅದರಲ್ಲೇ ಕರಕಲು ಅಂಚು ಜಾಸ್ತಿ ಇರುವುದು.